‘ನಿನ್ನ ಮಿಷನ್ ಕೆಟ್ಟಿದೆ ನೋಡಪ್ಪ’

ನಮ್ಮ ಜನಕ್ಕೆ ಏನಾದರೂ ಮಾಡಬೇಕು, ಐಡಿಯಾ ರೆಡಿ ಇದೆ, ಮೊದಲ ಫಂಡ್ ಎಲ್ಲಿಂದ ತರಲಿ, ಟ್ರಸ್ಟ್ ಮಾಡಲಾ ಕಂಪನಿ ಮಾಡಲಾ ಅಂತ ಕೇಳಿದ್ದೀರಿ. ಒಂಬತ್ತು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಇಟ್ಟುಕೊಂಡು ಓಡಾಡುತ್ತಿದ್ದೆ. ನನಗೆ ಫಂಡ್ ಬೇಗ ಸಿಕ್ಕಿತು. ತೊಂದರೆ ಶುರುವಾಗಿದ್ದೇ ಅಲ್ಲಿಂದ.

ನಾನು ಮಾಡಿದ್ದು ಕುಡಿಯುವ ನೀರಿನ ಘಟಕ. ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಇತ್ತು, ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗಿದ್ದವು. ಒಂದು ಸಂಸ್ಥೆ ದುಡ್ಡು ಕೊಟ್ಟಿತು. ನೀರು ಶುದ್ಧ ಮಾಡುವ ಆರ್‌ಒ ಮಿಷನ್ ತಂದು ಕೂರಿಸಿದೆ. ನೀರು ಎಲ್ಲರಿಗೂ ಉಚಿತ ಅಂದೆ. ಬೀಗದ ಕೈ ನನ್ನ ಹತ್ತಿರ ಇಟ್ಟುಕೊಂಡೆ.

ಆ ಎರಡೂ ಸೇರಿ ಒಂದೇ ತಪ್ಪು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ‘ಬಡವರ ಹತ್ತಿರವೂ ದುಡ್ಡು ವಸೂಲಿ ಮಾಡಿ’ ಅಂದ ಹಾಗೆ ಕೇಳಿಸುತ್ತದೆ. ನಾನು ಹೇಳುತ್ತಿರುವುದು ಅದಲ್ಲ.

ಆರ್‌ಒದಲ್ಲಿ ಫ್ಲೋರೈಡ್ ತಡೆಯುವುದು ಮೆಂಬ್ರೇನ್ ಅನ್ನುವ ತೆಳು ಪೊರೆ. ಅದಕ್ಕಿಂತ ಮುಂಚೆ ಒಂದು ಸೆಡಿಮೆಂಟ್ ಫಿಲ್ಟರ್ ಇರುತ್ತದೆ. ಬಿಳಿ ದಾರ ಸುತ್ತಿದ ಉಂಡೆ ಥರ, ಮೊಳಕ್ಕಿಂತ ಚಿಕ್ಕದು. ಮಣ್ಣು, ಮರಳು ಅದರಲ್ಲೇ ನಿಲ್ಲಬೇಕು. ಅಗ್ಗದ ವಸ್ತು, ಕೆಲವು ತಿಂಗಳಿಗೊಮ್ಮೆ ಬದಲಾಯಿಸಿದರೆ ಮುಗಿಯಿತು. ಬದಲಾಯಿಸದಿದ್ದರೆ ಕೊಳೆ ಮುಂದಕ್ಕೆ ಹೋಗಿ ಮೆಂಬ್ರೇನ್‌ಗೆ ಕಟ್ಟಿಕೊಳ್ಳುತ್ತದೆ. ಮೆಂಬ್ರೇನ್ ಅಗ್ಗವಲ್ಲ. ಫಂಡ್ ಇರುವವರೆಗೆ ನಾನೇ ಫಿಲ್ಟರ್ ತರುತ್ತಿದ್ದೆ. ಫಂಡ್ ಮುಗಿದ ಮೇಲೆ ಅದು ಯಾರ ಕೆಲಸವೂ ಆಗಿರಲಿಲ್ಲ.

ಹದಿನಾಲ್ಕನೇ ತಿಂಗಳಲ್ಲಿ ನಲ್ಲಿಯಲ್ಲಿ ನೀರು ದಾರದ ಹಾಗೆ ಬರತೊಡಗಿತು. ಒಂದು ಅಜ್ಜಿ ಖಾಲಿ ಕೊಡ ಹಿಡಿದು ನಿಂತಿದ್ದರು. ‘ನಿನ್ನ ಮಿಷನ್ ಕೆಟ್ಟಿದೆ ನೋಡಪ್ಪ’ ಅಂದರು. ಬೈಯಲಿಲ್ಲ, ಸುಮ್ನೆ ಹೇಳಿ ಬೋರ್‌ವೆಲ್ ಕಡೆ ಹೋದರು. ಫಿಲ್ಟರ್ ಬಿಚ್ಚಿದೆ. ಬಿಳಿ ದಾರ ಕೆಸರಿನ ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಲೋಳೆ ಲೋಳೆ.

ನಿನ್ನ ಮಿಷನ್. ಆ ಅಜ್ಜಿ ಹೇಳಿದ್ದು ಸರಿಯಾಗೇ ಇತ್ತು. ಎಲ್ಲಿ ಕೂರಿಸಲಿ, ಎಷ್ಟು ಹೊತ್ತಿಗೆ ತೆರೆಯಲಿ ಅಂತ ನಾನು ಯಾರನ್ನೂ ಕೇಳಿರಲಿಲ್ಲ. ಸ್ವಂತ ದುಡ್ಡು ಹಾಕಿದವರು ಕೆಟ್ಟಾಗ ಜಗಳ ಆಡುತ್ತಾರೆ, ಲೆಕ್ಕ ಕೇಳುತ್ತಾರೆ. ದಾನ ತಗೊಂಡವರು ಹೇಗೆ ಕೇಳುತ್ತಾರೆ ಹೇಳಿ? ನೀರಿನ ರುಚಿ ಬದಲಾಗಿದ್ದು ಎರಡು ತಿಂಗಳ ಮುಂಚೆಯೇ ಎಲ್ಲರಿಗೂ ಗೊತ್ತಾಗಿತ್ತಂತೆ. ನನಗೆ ಒಬ್ಬರೂ ಹೇಳಲಿಲ್ಲ. ಅವರು ಸುಮ್ಮನಿದ್ದದ್ದನ್ನು ನಾನು ಸಂತೋಷ ಅಂದುಕೊಂಡಿದ್ದೆ. ಆಮೇಲೆ ಮೆಂಬ್ರೇನ್‌ಗೆ ದುಡ್ಡು ಹೊಂದಿಸಿ ಅಂದಾಗ ಯಾರೂ ಬರಲಿಲ್ಲ. ಬರಬೇಕಾದ ಕಾರಣವೂ ಇರಲಿಲ್ಲ.

ಇದು ನನಗೊಬ್ಬನಿಗೇ ಆಗಿದ್ದಲ್ಲ. ದಕ್ಷಿಣ ಆಫ್ರಿಕಾದ ಪ್ಲೇಪಂಪ್ ಬಗ್ಗೆ ಓದಿ. ಮಕ್ಕಳು ಆಡುತ್ತಾ ಚಕ್ರ ತಿರುಗಿಸಿದರೆ ನೀರು ಮೇಲೆ ಬರುವ ಪಂಪ್. 2006ರಲ್ಲಿ ಅಮೆರಿಕದಿಂದ ಅದಕ್ಕೆ ಒಂದು ಕೋಟಿ ಡಾಲರ್‌ಗೂ ಮೀರಿ ನೆರವು ಘೋಷಣೆಯಾಯಿತು. ಕೊನೆಗೆ ಎಷ್ಟೋ ಕಡೆ ಆ ಚಕ್ರ ತಿರುಗಿಸಿದ್ದು ಹೆಂಗಸರು. ಕೈಪಂಪೇ ಸುಲಭವಾಗಿತ್ತು ಅಂದರು.

ಇನ್ನೊಂದು ಕಡೆ ವಂಗಾರಿ ಮಾಥಾಯ್ ಅವರನ್ನು ನೋಡಿ. 1977ರಲ್ಲಿ ಕೀನ್ಯಾದಲ್ಲಿ ಗ್ರೀನ್ ಬೆಲ್ಟ್ ಅನ್ನುವ ಗಿಡ ನೆಡುವ ಚಳವಳಿ ಶುರು ಮಾಡಿದರು. ಸಸಿ ಬೆಳೆಸಿದ್ದು ಅಲ್ಲಿನ ಹೆಂಗಸರೇ. ಅವರಿಗೆ ಚಿಕ್ಕ ಮೊತ್ತ ಸಿಗುತ್ತಿತ್ತು, ಆದರೆ ಗಿಡ ನೆಟ್ಟಿದ್ದಕ್ಕಲ್ಲ, ಬದುಕಿದ ಗಿಡಕ್ಕೆ. ನೆಟ್ಟ ಮೇಲೆ ನೀರು ಹಾಕುವವರು ಯಾರು ಅನ್ನುವ ಪ್ರಶ್ನೆಗೆ ಉತ್ತರ ಅದರೊಳಗೇ ಇತ್ತು. ನನಗೆ ಇದು ಮುಂಚೆ ಹೊಳೆದಿದ್ದರೆ ಅಂತ ಈಗಲೂ ಅನಿಸುತ್ತದೆ.

ಹಾಗಾಗಿ ‘ಮೊದಲ ಫಂಡ್’ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮುಹಮ್ಮದ್ ಯೂನಸ್ 1976ರಲ್ಲಿ ಬಾಂಗ್ಲಾದೇಶದ ಜೋಬ್ರಾದಲ್ಲಿ ಶುರು ಮಾಡಿದ್ದು ತಮ್ಮ ಜೇಬಿನ 27 ಡಾಲರ್‌ನಿಂದ. 42 ಜನರಿಗೆ ಸಾಲ ಕೊಟ್ಟರು, ದಾನ ಅಲ್ಲ. ಬಡವರಿಗೆ ಚಿಕ್ಕ ಚಿಕ್ಕ ಸಾಲ ಕೊಡುವ ಅವರ ಗ್ರಾಮೀಣ ಬ್ಯಾಂಕ್ ಆಗಿದ್ದು ಆಮೇಲೆ. ಟ್ರಸ್ಟೋ ಕಂಪನಿಯೋ ಅನ್ನುವುದನ್ನು ಒಳ್ಳೆ ಆಡಿಟರ್ ಅರ್ಧ ಗಂಟೆಯಲ್ಲಿ ಹೇಳುತ್ತಾರೆ. ಅದಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡಿ. ಐಡಿಯಾ ಪಕ್ಕಕ್ಕಿಟ್ಟು ಮೂರು ತಿಂಗಳು ಆ ಜನರ ಜೊತೆ ಕೂತುಕೊಳ್ಳಿ. ಕೆಟ್ಟರೆ ಯಾರು ರಿಪೇರಿ ಮಾಡಿಸುತ್ತಾರೆ ಅಂತ ಅವರನ್ನೇ ಕೇಳಿ. ಒಬ್ಬರ ಹೆಸರೂ ಬರದಿದ್ದರೆ ಫಂಡ್ ತರಲೇಬೇಡಿ.

ನಾನು ಎರಡನೇ ಸಲ ಶುರು ಮಾಡಲು ಎರಡು ವರ್ಷ ಬೇಕಾಯಿತು. ಬೀಗದ ಕೈ ಹನ್ನೊಂದು ಹೆಂಗಸರ ಗುಂಪಿನ ಹತ್ತಿರ ಇದೆ. ಕೊಡಕ್ಕಿಷ್ಟು ಅಂತ ದರ ಇಟ್ಟಿದ್ದೂ ಅವರೇ, ಕೊಡಲಾಗದ ಮನೆಗಳಿಗೆ ಬಿಟ್ಟಿದ್ದೂ ಅವರೇ. ಹೋದ ತಿಂಗಳು ಹೋಗಿದ್ದೆ. ಹಳೇ ಫಿಲ್ಟರ್ ಗೋಡೆ ಪಕ್ಕ ಬಿದ್ದಿತ್ತು, ಒಳಗೆ ಹೊಸದು ಹಾಕಿಯಾಗಿತ್ತು. ಯಾವಾಗ ಹಾಕಿದರು ಅಂತ ನನಗೆ ಗೊತ್ತೇ ಇರಲಿಲ್ಲ.