ಜೋಡಿ ತಾರೆಯ ಮಾರುತ: ಗಂಗಾವತಿಯಿಂದ ಹಿಡಿಯುವುದು ಹೇಗೆ?

ಪ್ರಶ್ನೆ: ಭಾರಿ ಜೋಡಿ ನಕ್ಷತ್ರಗಳು ಎಕ್ಸ್‌ ಕಿರಣವನ್ನೂ ರೇಡಿಯೊ ಅಲೆಗಳನ್ನೂ ಸೂಸುತ್ತವೆ ಎಂದು ಓದಿದೆ. ನಮ್ಮ ಕಾಲೇಜಿನಲ್ಲಿ ಡಿಎಸ್‌ಎಲ್‌ಆರ್ ಕ್ಯಾಮೆರಾ, 85 ಮಿ.ಮೀ. ಲೆನ್ಸ್, ಒಂದು ಹಳೆಯ ಟಿವಿ ಡಿಶ್ ಇವೆ. ಇಷ್ಟರಲ್ಲಿ ವಿದ್ಯಾರ್ಥಿಗಳಿಗೆ ಏನಾದರೂ ತೋರಿಸಬಹುದೇ?
— ಉಪನ್ಯಾಸಕಿ, ಗಂಗಾವತಿ

ಉತ್ತರ: ಡಿಶ್ ಈ ಕೆಲಸಕ್ಕೆ ಬಾರದು, ಕ್ಯಾಮೆರಾ ಬರುತ್ತದೆ.

ಇಂಥ ಜೋಡಿಯ ಎರಡೂ ತಾರೆಗಳಿಂದ ಅನಿಲ ಸೆಕೆಂಡಿಗೆ ಸಾವಿರ, ಎರಡು ಸಾವಿರ ಕಿ.ಮೀ. ವೇಗದಲ್ಲಿ ಹೊರನುಗ್ಗುತ್ತದೆ. ಇದೇ ನಕ್ಷತ್ರ ಮಾರುತ. ಎರಡು ಮಾರುತಗಳು ಢಿಕ್ಕಿ ಹೊಡೆಯುವಲ್ಲಿ ಅನಿಲ ಕೋಟಿಗಟ್ಟಲೆ ಡಿಗ್ರಿಗೆ ಕಾಯ್ದು ಎಕ್ಸ್‌ ಕಿರಣ ಹೊಮ್ಮುತ್ತದೆ. ಅದೇ ಆಘಾತದಲ್ಲಿ ಬೆಳಕಿನ ವೇಗದ ಸಮೀಪಕ್ಕೆ ಏರಿದ ಎಲೆಕ್ಟ್ರಾನುಗಳು ಕಾಂತಕ್ಷೇತ್ರದಲ್ಲಿ ಸುತ್ತುತ್ತ ರೇಡಿಯೊ ಅಲೆ ಸೂಸುತ್ತವೆ. ಎಕ್ಸ್‌ ಕಿರಣವನ್ನು ವಾತಾವರಣ ನುಂಗಿಬಿಡುತ್ತದೆ. ರೇಡಿಯೊ ಅಲೆ ನೆಲ ಮುಟ್ಟುತ್ತದೆ, ಆದರೆ ನಿಮ್ಮ ಡಿಶ್ ಸುಲಭವಾಗಿ ಹಿಡಿಯುವ ಸೂರ್ಯನಿಗಿಂತ ಹಲವು ಕೋಟಿ ಪಟ್ಟು ಕ್ಷೀಣ.

ಮಾರುತದ ಗುರುತನ್ನು ಮಾತ್ರ ಕಣ್ಣಿಗೆ ಕಾಣುವ ಬೆಳಕಿನಲ್ಲೇ ಹಿಡಿಯಬಹುದು. ಅದಕ್ಕೆ ನೌಕಾಪಟ ಪುಂಜದ ಗಾಮಾ ವೆಲೋರಮ್‌ಗಿಂತ ಒಳ್ಳೆಯ ತಾರೆಯಿಲ್ಲ. ದಟ್ಟ ಮಾರುತ ಬೀಸುವ ವುಲ್ಫ್–ರಾಯೆ ಬಗೆಯ ಒಂದು ತಾರೆ, ತೀರಾ ಬಿಸಿಯಾದ ಓ ಬಗೆಯ ಇನ್ನೊಂದು ತಾರೆ 78.5 ದಿನಕ್ಕೊಮ್ಮೆ ಒಂದನ್ನೊಂದು ಸುತ್ತುತ್ತವೆ. ಕಾಂತಿಮಾನ 1.8, ಬರಿಗಣ್ಣಿಗೇ ಕಾಣುತ್ತದೆ. ಗಂಗಾವತಿಯಲ್ಲಿ ದಕ್ಷಿಣ ದಿಗಂತದಿಂದ ಹೆಚ್ಚೆಂದರೆ 27 ಡಿಗ್ರಿ ಏರುತ್ತದೆ. ಮಾರ್ಚ್ ಮಧ್ಯದಲ್ಲಿ ರಾತ್ರಿ 9ರ ಸುಮಾರಿಗೆ ಆ ಎತ್ತರದಲ್ಲಿರುತ್ತದೆ. ಅಗಸ್ತ್ಯದ ಎಡಕ್ಕೆ ಸುಮಾರು 18 ಡಿಗ್ರಿ ದೂರದಲ್ಲಿ ಹುಡುಕಿ. ಊರಿನ ದೀಪಗಳು ಬೆನ್ನಿಗೆ ಬರುವಂತೆ ಕಂಪ್ಲಿ ರಸ್ತೆ ಕಡೆಯ ಗದ್ದೆ ಬಯಲಿಗೆ ಹೋಗಿ. ಭತ್ತದ ಹುಲ್ಲಿಗೆ ಬೆಂಕಿ ಇಟ್ಟಿರುವ ದಿನ ಬೇಡ: ಇಷ್ಟು ತಗ್ಗಿನಲ್ಲಿ ಹೊಗೆ ಮೊದಲು ನೀಲಿ ಬೆಳಕನ್ನೇ ತಿನ್ನುತ್ತದೆ.

ಕೊಳ್ಳಬೇಕಾದದ್ದು ಬೆಳಕನ್ನು ಬಣ್ಣಗಳ ಪಟ್ಟಿಯಾಗಿ ಹರಡುವ, ಮಿಲಿಮೀಟರಿಗೆ 100 ಗೆರೆಯ ಗ್ರೇಟಿಂಗ್ ಒಂದೇ. ಅದನ್ನು ಲೆನ್ಸಿನ ಮುಂದೆ ಕೂರಿಸಿ, ಸುತ್ತ ಕಪ್ಪು ರಟ್ಟು ಹಚ್ಚಿ. ಸಂದಿನಿಂದ ನುಸುಳಿದ ಬೆಳಕು ಪಟ್ಟಿ ಸೇರದೆ ವ್ಯರ್ಥವಾಗುತ್ತದೆ. ಅಪರ್ಚರ್ 4, ಐಎಸ್‌ಒ 800, ರಾ ಫೈಲ್, 10 ಸೆಕೆಂಡಿನ 20 ಚಿತ್ರಗಳು. ನಕ್ಷತ್ರದ ಚುಕ್ಕೆಯೂ ವರ್ಣಪಟ್ಟಿಯೂ ಒಂದೇ ಚೌಕಟ್ಟಿನಲ್ಲಿರಲಿ.

ಹೆಚ್ಚಿನವರು ಸೋಲುವುದು ಗ್ರೇಟಿಂಗ್ ತಿರುಗಿಸುವುದರಲ್ಲಿ. ಟ್ರೈಪಾಡ್ ಮೇಲೆ ಕ್ಯಾಮೆರಾ ನಿಂತೇ ಇರುತ್ತದೆ, ಆಕಾಶ ನಿಲ್ಲುವುದಿಲ್ಲ. 4 ಮೈಕ್ರಾನ್ ಪಿಕ್ಸೆಲ್ ಇದ್ದರೆ ಈ ತಾರೆ ಸೆಕೆಂಡಿಗೆ ಸುಮಾರು ಒಂದು ಪಿಕ್ಸೆಲ್ ಪಶ್ಚಿಮಕ್ಕೆ ಸರಿಯುತ್ತದೆ. ಪಟ್ಟಿಯೂ ಅದೇ ದಿಕ್ಕಿಗಿದ್ದರೆ ಗೆರೆಗಳೆಲ್ಲ ಒಂದರ ಮೇಲೊಂದು ಬಳಿದುಹೋಗುತ್ತವೆ. ಪಟ್ಟಿ ನೆಟ್ಟಗೆ ಮೇಲೆ–ಕೆಳಗೆ ನಿಲ್ಲುವಂತೆ ತಿರುಗಿಸಿದರೆ ಅದೇ ಸರಿತ ಪಟ್ಟಿಯನ್ನು 10 ಪಿಕ್ಸೆಲ್ ಅಗಲ ಮಾಡಿಕೊಟ್ಟು ಉಪಕಾರವನ್ನೇ ಮಾಡುತ್ತದೆ. ಫೋಕಸ್ಸನ್ನು ಚುಕ್ಕೆಗೆ ಮಾಡಬೇಡಿ. ಲುಬ್ಧಕದ ಪಟ್ಟಿಯಲ್ಲಿ ಹೈಡ್ರೋಜನ್ನಿನ ಕಪ್ಪು ಗೆರೆಗಳು ಚೂಪಾಗುವವರೆಗೆ ಮಾಡಿ. ಲುಬ್ಧಕದ ಆ ಚಿತ್ರ ಅಳತೆಗೂ ಬೇಕು: ಚುಕ್ಕೆಯಿಂದ 486.1 ನ್ಯಾನೊಮೀಟರ್ ಗೆರೆಗೆ ಎಷ್ಟು ಪಿಕ್ಸೆಲ್ ಎಂದು ಇಮೇಜ್‌ಜೆ ತಂತ್ರಾಂಶದಲ್ಲಿ ಎಣಿಸಿದರೆ ಒಂದು ಪಿಕ್ಸೆಲ್‌ಗೆ ಸುಮಾರು 0.47 ನ್ಯಾನೊಮೀಟರ್ ಬರಬೇಕು.

ಆಮೇಲೆ ಗಾಮಾ ವೆಲೋರಮ್ ಪಟ್ಟಿ ನೋಡಿ. ಕಪ್ಪು ಗೆರೆಗಳ ಬದಲು ಹೊಳೆಯುವ ಅಗಲ ಉಬ್ಬುಗಳು! 465, 569.6, 580.8 ನ್ಯಾನೊಮೀಟರ್‌ಗಳಲ್ಲಿ ಕಾಣುವ ಇವು ಮುಖ್ಯವಾಗಿ ಮಾರುತದಲ್ಲಿರುವ ಕಾರ್ಬನ್ ಅಯಾನುಗಳವು. ಅವುಗಳ ಅಗಲವೇ ಮಾರುತದ ವೇಗದ ಸಾಕ್ಷಿ. ಹತ್ತಿರದ ಝೀಟಾ ಪಪ್ಪಿಸ್ ಎಂಬ ಓ ಬಗೆಯ ತಾರೆಯನ್ನೂ ತೆಗೆದು ಪಕ್ಕದಲ್ಲಿಟ್ಟರೆ ವ್ಯತ್ಯಾಸ ವಿದ್ಯಾರ್ಥಿಗಳಿಗೆ ವಿವರಿಸುವುದೇ ಬೇಡ. ಗಾಮಾ ವೆಲೋರಮ್ ಜೋಡಿಗೆ ಮೂರನೆಯ ತಾರೆಯೊಂದು 41 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯಲ್ಲಿ 3,600) ಆಚೆ ಅಂಟಿಕೊಂಡಿದೆ; ಅದರ ಬೆಳಕು ಹತ್ತನೇ ಒಂದು ಪಾಲು ಮಾತ್ರ, ಚಿಂತೆಯಿಲ್ಲ. ಕಕ್ಷಾ ಚಲನೆ ಅಳೆಯಲು ಹೋಗಬೇಡಿ, ಗೆರೆ ಸರಿಯುವುದು ಅರ್ಧ ಪಿಕ್ಸೆಲ್ ಅಷ್ಟೇ.

ಎಕ್ಸ್‌ ಕಿರಣ, ರೇಡಿಯೊ ಭಾಗಕ್ಕೆ ದತ್ತಾಂಶ ಭಂಡಾರಗಳಿವೆ. 2015ರಲ್ಲಿ ಹಾರಿದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ನ ದತ್ತಾಂಶ ಬ್ಯಾಲಾಳುವಿನ ಇಸ್ರೊ ಕೇಂದ್ರದಿಂದ, ಪುಣೆ ಬಳಿಯ ಖೋಡದ್‌ನ 30 ಡಿಶ್‌ಗಳ ರೇಡಿಯೊ ದೂರದರ್ಶಕ ಜಿಎಂಆರ್‌ಟಿಯದು ಅದರದೇ ಭಂಡಾರದಿಂದ ಸಿಗುತ್ತದೆ. ಅಭ್ಯಾಸಕ್ಕೆ ರಾಜಹಂಸ ಪುಂಜದ ಇಂಥದೇ ಜೋಡಿ ಡಬ್ಲ್ಯುಆರ್ 140 ಬಗ್ಗೆ ಪ್ರಕಟವಾದ ರೇಡಿಯೊ ನಕ್ಷೆಗಳನ್ನು ಮೊದಲು ನೋಡಿ. ಅದರ ಸುತ್ತು 7.93 ವರ್ಷ, ಕಕ್ಷೆ ಬಹಳ ಉದ್ದನೆಯದು. ತಾರೆಗಳು ತೀರಾ ಹತ್ತಿರ ಬಂದಾಗ ದಟ್ಟ ಮಾರುತವೇ ರೇಡಿಯೊ ಅಲೆಯನ್ನು ಹೀರಿಕೊಂಡು ಅದು ಕುಸಿಯುತ್ತದೆ, ಎಕ್ಸ್‌ ಕಿರಣ ಏರುತ್ತದೆ. ಗಾಮಾ ವೆಲೋರಮ್‌ನ ತಾರೆಗಳು ಸದಾ ಅಷ್ಟೇ ಹತ್ತಿರವಿರುವುದರಿಂದ, ಅಲ್ಲಿಂದ ನಮಗೆ ತಲುಪುವ ರೇಡಿಯೊ ಬಹುಪಾಲು ಢಿಕ್ಕಿಯದಲ್ಲ, ಬಿಸಿ ಮಾರುತದ್ದು.