ಒಂದು ರಾಫ್ಟ್, ಎರಡು ಮೂಸ್: ಪೈಲಟ್ ಯಾಕೆ ಬೇಡ ಅಂದರು?

ಅಲಾಸ್ಕಾದ ಹೊಳೆಯಲ್ಲಿ ಇಬ್ಬರು, 14 ಅಡಿಯ ಒಂದೇ ರಾಫ್ಟ್‌ನಲ್ಲಿ (ಗಾಳಿ ತುಂಬಿದ ದೋಣಿ) ಎರಡು ಮೂಸ್ (ಭಾರೀ ಗಾತ್ರದ ಜಿಂಕೆ) ಬೇಟೆಯಾಡಿ ತರುವ ಯೋಜನೆ ನಿಮ್ಮದು. ಅಲ್ಲಿಗೆ ಒಯ್ಯುವ ಸಣ್ಣ ವಿಮಾನದ ಪೈಲಟ್ ಇದಕ್ಕೆ ಬೇಡ ಅಂದರು, ಯಾಕೆ ಅಂತ ಕೇಳಿದ್ದೀರಿ. ಬಹುಶಃ ಮಾಂಸದ ಭಾರಕ್ಕೆ. ದೊಡ್ಡ ಗಂಡು ಮೂಸ್ ಒಂದರಲ್ಲೇ ಸುಮಾರು 225 ಕೆಜಿ ಮಾಂಸ ಸಿಗುತ್ತದೆ. ಮೂಳೆ, ಕೊಂಬು ಬೇರೆ. ತಿನ್ನಲು ಬರುವ ಮಾಂಸವನ್ನು ಕಾಡಲ್ಲಿ ಬಿಟ್ಟು ಬಂದರೆ ಅಲ್ಲಿ ಅಪರಾಧ.

ಮೊದಲು ಒಂದೇ ಮೂಸ್‌ಗೆ ಇಳಿಯಿರಿ, ಇಲ್ಲವೇ ಎರಡನೇ ರಾಫ್ಟ್ ಸೇರಿಸಿ. ನನ್ನ ಕೇಳಿದರೆ ಒಂದೇ ಸಾಕು. ಆಮೇಲೆ ಪೈಲಟ್‌ರನ್ನು ಕೇಳಿ: ಒಂದು ಸಲಕ್ಕೆ ಎಷ್ಟು ಕೆಜಿ ಒಯ್ಯುತ್ತಾರೆ, ದಾರಿಯಲ್ಲಿ ಎಲ್ಲಿ ಇಳಿದು ಮಾಂಸ ಎತ್ತಬಹುದು? ವಿಮಾನ, ನೀರಿನ ಮಟ್ಟ ನೋಡಿ ಇದು ಬದಲಾಗುತ್ತದೆ, ಹಾಗಾಗಿ ಅವರ ಮಾತೇ ಅಂತಿಮ. ಕೊನೆಗೆ ದಿನಗಳನ್ನು ಹಂಚಿ. ಅಲ್ಲಿನ ನಿಯಮದಂತೆ ವಿಮಾನದಲ್ಲಿ ಹೋದ ದಿನ ಮೂಸ್ ಬೇಟೆ ಇಲ್ಲ, ಮರುದಿನ ಬೆಳಗಿನ ಜಾವ 3ರ ನಂತರವೇ. ಮತ್ತೆ, ನೀರಲ್ಲಿ ನಿಂತ ಮೂಸ್‌ಗೆ ಗುಂಡು ಹೊಡೆಯಬೇಡಿ. ದಡಕ್ಕೆ ಎಳೆಯಲು ಇಬ್ಬರಿಂದ ಆಗುವುದಿಲ್ಲ.