ಹೋಂಸ್ಟೇ ಖಾತೆ ಫ್ರೀಜ್ ಆಗಿದೆ, ಬ್ಯಾಂಕ್ ಮೇಲೆ ಕೇಸ್ ಹಾಕಬಹುದೇ?

ಸೋಮವಾರಪೇಟೆಯ ನಿಮ್ಮ ಕಾಫಿ ತೋಟದ ಹೋಂಸ್ಟೇಗೆ ₹4,500 ಅಡ್ವಾನ್ಸ್ ಹಾಕಬೇಕಾದ ಗೆಸ್ಟ್, ತೋಟದ ಹಣವೂ ಇರುವ ಖಾತೆಗೆ ₹45,000 ಹಾಕಿದರು, "ಒಂದು ಸೊನ್ನೆ ಜಾಸ್ತಿ ಬಿತ್ತು, ಉಳಿದದ್ದು ನನ್ನ ತಮ್ಮನ ನಂಬರಿಗೆ ಹಾಕಿಬಿಡಿ" ಅಂದರು, ನೀವು ₹40,500 ಹಾಕಿದಿರಿ. ಈಗ ಬೇರೆ ರಾಜ್ಯದ ಸೈಬರ್ ಪೊಲೀಸರು ಹೇಳಿದ್ದಾರೆಂದು ಇಡೀ ಖಾತೆ ಬಂದ್. ನಮ್ಮ ಮನೆಯ ಖಾತೆಗೂ ಇದೇ ಗತಿಯಾಗಿತ್ತು, ಹಾಗಾಗಿ ನಿಮ್ಮ ಪ್ರಶ್ನೆ ಅರ್ಧ ಓದುವಾಗಲೇ ಉಳಿದರ್ಧ ಗೊತ್ತಾಯಿತು. ಬ್ಯಾಂಕ್ ಮೇಲೆ ಕೇಸ್ ಹಾಕುವ ಯೋಚನೆ ಬಿಡಿ. ಬೀಗ ಹಾಕಿದ್ದು ಬ್ಯಾಂಕ್, ಕೀಲಿಕೈ ಇರುವುದು ಬೇರೆಯವರ ಹತ್ತಿರ.

ಮೊದಲು ಆ ₹40,500 ಯಾವ ದಾರಿ ಹಿಡಿಯಿತು ನೋಡಿ. ಎಲ್ಲೋ ಯಾರೋ ಮೋಸಹೋಗಿ 1930ಕ್ಕೆ ಫೋನ್ ಮಾಡುತ್ತಾರೆ, ಇಲ್ಲವೇ ಕೇಂದ್ರ ಗೃಹ ಸಚಿವಾಲಯದ ಸೈಬರ್ ಕ್ರೈಮ್ ಪೋರ್ಟಲಿನಲ್ಲಿ ದೂರು ಹಾಕುತ್ತಾರೆ. ದೂರಿಗೆ ಒಂದು ಅಕ್ನಾಲೆಜ್ಮೆಂಟ್ ನಂಬರ್ ಬೀಳುತ್ತದೆ. ಅವರ ಬ್ಯಾಂಕ್ ಆ ಹಣ ಯಾವ ಖಾತೆಗೆ ಹೋಯಿತೆಂದು ಯುಟಿಆರ್ ನಂಬರ್ (ಪ್ರತಿ ವಹಿವಾಟಿಗೂ ಬೀಳುವ ಗುರುತಿನ ಸಂಖ್ಯೆ) ಹಿಡಿದು ಗುರುತು ಹಾಕುತ್ತದೆ. ಹಣ ಮೊದಲು ಹೋಗಿ ಸೇರಿದ ಖಾತೆ ಮೊದಲ ಲೇಯರ್. ಅಲ್ಲಿಂದ ಮುಂದೆ ಹೋಗಿದ್ದರೆ ಎರಡನೇ ಲೇಯರ್, ಹೀಗೆ ಸಾಗುತ್ತದೆ. ನಿಮ್ಮ "ಗೆಸ್ಟ್" ಹಾಕಿದ ₹45,000 ಅವನ ದುಡ್ಡೇ ಅಲ್ಲ. ಮೋಸಹೋದವರ ಕೈಯಿಂದಲೇ ನಿಮ್ಮ ಯುಪಿಐಗೆ ಹಾಕಿಸಿದ ದುಡ್ಡು. ಪೋರ್ಟಲಿನ ಲೆಕ್ಕದಲ್ಲಿ ನಿಮ್ಮ ಖಾತೆಗೆ ಕದ್ದ ಹಣ ₹45,000 ಬಂತು, ಸ್ವಲ್ಪ ಹೊತ್ತಿನಲ್ಲೇ ಅದರಲ್ಲಿ ₹40,500 ಮೂರನೆಯವನ ಖಾತೆಗೆ ದಾಟಿತು. ನೀವು ರೂಮ್ ಬಾಡಿಗೆಗೆ ಕೊಡುವವರು ಅಂತ ಆ ಪರದೆಯಲ್ಲಿ ಎಲ್ಲೂ ಬರೆದಿರುವುದಿಲ್ಲ. ಕಮಿಷನ್ ಇಟ್ಟುಕೊಂಡು ಹಣ ದಾಟಿಸುವ ಬಾಡಿಗೆ ಖಾತೆಯೂ ಅಲ್ಲಿ ಹೀಗೆಯೇ ಕಾಣುತ್ತದೆ.

ದುಬಾರಿಯಾದ ಕೆಲಸ ಇದೊಂದೇ, ಇದನ್ನೇ ಇನ್ನೂ ಬಿಡಿಸಿ ಹೇಳುತ್ತೇನೆ. ಜಾಸ್ತಿ ಬಂದ ಹಣ ಹಿಂದಿರುಗಿಸಿದ್ದು ತಪ್ಪಲ್ಲ. ಅದನ್ನು ಹೊಸದೊಂದು ಪೇಮೆಂಟ್ ಮಾಡಿ ಬೇರೆ ನಂಬರಿಗೆ ಕಳಿಸಿದ್ದು ತಪ್ಪು. ಯುಪಿಐಯಲ್ಲಿ ನೀವು "ಪೇ" ಒತ್ತಿದರೆ ಅದು ರಿಫಂಡ್ ಅಲ್ಲ, ಹೊಸ ವಹಿವಾಟು; ಹಳೆಯ ಯುಟಿಆರ್‌ಗೂ ಅದಕ್ಕೂ ದಾಖಲೆಯಲ್ಲಿ ನಂಟಿಲ್ಲ. ಹಣ ಬಂದ ಖಾತೆಗೇ ತಿರುಗಿ ಹಾಕಿದ್ದರೂ ಪೂರ್ತಿ ಕ್ಷೇಮವಲ್ಲ, ಆದರೆ ಆಗ ದೂರುದಾರರ ಹಣ ದೂರುದಾರರಿಗೇ ಮುಟ್ಟಿದೆ ಎಂದು ತೋರಿಸಬಹುದಿತ್ತು. ಸರಿಯಾದ ದಾರಿ ಅಂದರೆ ಹಣವನ್ನು ಮುಟ್ಟದೆ ಬ್ರಾಂಚಿಗೆ ಮೇಲ್ ಹಾಕುವುದು: "ಇಂಥ ದಿನ ಇಂಥ ಯುಟಿಆರ್‌ನಲ್ಲಿ ಬಂದ ₹45,000ದಲ್ಲಿ ₹40,500 ನನಗೆ ಸೇರಿದ್ದಲ್ಲ, ಬಂದ ಖಾತೆಗೇ ರಿವರ್ಸ್ ಮಾಡಿ." ಬ್ಯಾಂಕಿನಿಂದ ಬ್ಯಾಂಕಿಗೆ ರಿವರ್ಸ್ ಆಗಲು ದಿನಗಳು ಹಿಡಿಯುತ್ತವೆ. ಅಷ್ಟರಲ್ಲಿ ಆ ಕಡೆಯವನು ಗಂಟೆಗೆ ಹತ್ತು ಸಲ ಫೋನ್ ಮಾಡಿ ಆಸ್ಪತ್ರೆ, ಅಮ್ಮ, ಆಪರೇಷನ್ ಅನ್ನುತ್ತಾನೆ. ನಿಜವಾದ ಗೆಸ್ಟ್ ಆದರೆ ತನ್ನ ಬ್ಯಾಂಕಿಗೇ ಹೋಗಿ ಕೇಳುತ್ತಾನೆ. ಅಂದಹಾಗೆ ಖಾತೆಯಲ್ಲಿ ಈಗ ತಡೆದಿಟ್ಟಿರುವ ₹45,000 ಇದೆಯಲ್ಲ, ಅದರಲ್ಲಿ ₹40,500 ನಿಮ್ಮದೇ ಕಾಫಿ ದುಡ್ಡು. ಒಂದೇ ಮೊತ್ತ ಎರಡು ಸಲ ಹೋದಂತಾಯಿತು.

ಇನ್ನು ಬ್ರಾಂಚಿನ ಕೆಲಸ. "ಫ್ರೀಜ್ ಆಗಿದೆ" ಅನ್ನುವ ಒಂದು ಮಾತಿಗೆ ಒಪ್ಪಿ ಬರಬೇಡಿ. ಲೀನ್ ಅಂದರೆ ಇಂತಿಷ್ಟು ಮೊತ್ತ ಮಾತ್ರ ತಡೆ, ಉಳಿದದ್ದು ತೆಗೆಯಬಹುದು. ಡೆಬಿಟ್ ಫ್ರೀಜ್ ಅಂದರೆ ಹಣ ಒಳಗೆ ಬರುತ್ತದೆ, ಹೊರಗೆ ಹೋಗುವುದಿಲ್ಲ. ಟೋಟಲ್ ಫ್ರೀಜ್ ಅಂದರೆ ಎರಡೂ ಇಲ್ಲ. ಪೊಲೀಸರು ಮೊತ್ತ ನಮೂದಿಸಿ ಬರೆದಿದ್ದರೂ ಬ್ಯಾಂಕಿನವರು ಸುರಕ್ಷತೆಗೆಂದು ಇಡೀ ಖಾತೆಗೆ ತಡೆ ಹಾಕಿರುವುದುಂಟು. ಬಾಯಲ್ಲಿ ಕೇಳಿದರೆ "ಹೆಡ್ ಆಫೀಸಿನಿಂದ ಬಂದಿದೆ" ಅನ್ನುತ್ತಾರೆ. ಎರಡು ಪ್ರತಿ ಪತ್ರ ಕೊಟ್ಟು ಒಂದರ ಮೇಲೆ ಸೀಲ್, ತಾರೀಕು ಹಾಕಿಸಿಕೊಳ್ಳಿ. ಪತ್ರದಲ್ಲಿ ಕೇಳಬೇಕಾದದ್ದು ಇಷ್ಟು: ದೂರಿನ ಅಕ್ನಾಲೆಜ್ಮೆಂಟ್ ನಂಬರ್, ಯಾವ ರಾಜ್ಯದ ಯಾವ ಠಾಣೆ, ತನಿಖಾಧಿಕಾರಿಯ ಅಧಿಕೃತ ಇಮೇಲ್, ಯಾವ ಕಲಂ ಅಡಿ ನೋಟಿಸು, ವಿವಾದದ ಮೊತ್ತ ಎಷ್ಟು, ಯಾವ ಯುಟಿಆರ್, ಹಾಕಿರುವುದು ಲೀನೋ ಫ್ರೀಜೋ. ಜೊತೆಗೆ ಮೂರು ತಿಂಗಳ ಸ್ಟೇಟ್‌ಮೆಂಟ್, ಪುಟಪುಟಕ್ಕೂ ಬ್ಯಾಂಕಿನ ಸೀಲ್ ಸಹಿತ. ಫೋನಿನಲ್ಲಿ ಇಳಿಸಿಕೊಂಡ ಪಿಡಿಎಫ್ ಸಾಲದು. 30 ದಿನದಲ್ಲಿ ಈ ವಿವರ ಕೊಡದಿದ್ದರೆ ಆಗ ಬ್ಯಾಂಕ್ ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಿ. ಬ್ಯಾಂಕಿನ ಮೇಲೆ ನಿಮಗಿರುವ ಗಟ್ಟಿ ತಕರಾರು ಅದೊಂದೇ: ಮಾಹಿತಿ ಕೊಡಲಿಲ್ಲ ಅನ್ನುವುದು. ಫ್ರೀಜ್ ಮಾಡಿದ್ದೇ ತಪ್ಪು ಅಂತ ಹೋದರೆ "ಪೊಲೀಸರ ಸೂಚನೆ" ಎಂದು ಒಂದೇ ಸಾಲಿನಲ್ಲಿ ಮುಗಿಯುತ್ತದೆ.

ಹಾಗಾದರೆ ಪೊಲೀಸರಿಗೆ ಆ ಅಧಿಕಾರ ಇದೆಯೇ? ಇದೆ. ಬ್ಯಾಂಕ್ ಖಾತೆಯೂ ವಶಪಡಿಸಿಕೊಳ್ಳಬಹುದಾದ ಸ್ವತ್ತೇ ಎಂದು ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. ಅಂದಿನ ಅಪರಾಧ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 102ನೇ ಕಲಂ ಈಗ, 2024ರ ಜುಲೈ 1ರಿಂದ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106ನೇ ಕಲಂ. ಆದರೆ ಅದೇ ಕಲಂನ 3ನೇ ಉಪಕಲಂ, ಹೀಗೆ ತಡೆದದ್ದನ್ನು ಕೂಡಲೇ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು ಅನ್ನುತ್ತದೆ. ಹೊಸದಾಗಿ ಬಂದ 107ನೇ ಕಲಂ ಪ್ರಕಾರ, ಅಪರಾಧದಿಂದ ಬಂದ ಆಸ್ತಿಯನ್ನು ಜಪ್ತಿ ಮಾಡಲು ಕೋರ್ಟಿನ ಆದೇಶವೇ ಬೇಕು, 14 ದಿನದಲ್ಲಿ ಕಾರಣ ತೋರಿಸಲು ನೋಟಿಸಿನ ದಾರಿಯೂ ಇದೆ. ಇಂಥ ಖಾತೆಗಳಿಗೆ 106 ಸಾಕೇ, 107ರ ದಾರಿಯನ್ನೇ ಹಿಡಿಯಬೇಕೇ ಎಂಬ ಜಗ್ಗಾಟ ಹೈಕೋರ್ಟುಗಳಲ್ಲಿ ನಡೆದಿದೆ. ನಿಮಗೆ ಹೆಚ್ಚು ಕೆಲಸಕ್ಕೆ ಬರುವುದು 2023ರಲ್ಲಿ ಕೇರಳ ಹೈಕೋರ್ಟ್ ಹೇಳಿದ್ದು: ಪೊಲೀಸರು ನಮೂದಿಸಿದ ಮೊತ್ತಕ್ಕಷ್ಟೇ ತಡೆ ಸೀಮಿತವಾಗಬೇಕು, ಇಡೀ ಖಾತೆಗಲ್ಲ. ಕರ್ನಾಟಕಕ್ಕೆ ಅದು ಕಟ್ಟುಪಾಡಲ್ಲ, ಆದರೂ ಪತ್ರದಲ್ಲಿ ಬರೆಯಿರಿ; ಬರೆದದ್ದು ಮುಂದೆ ಹೈಕೋರ್ಟಿನ ರಿಟ್ ಅರ್ಜಿಗೆ ಆಧಾರವಾಗುತ್ತದೆ.

ತನಿಖಾಧಿಕಾರಿಗೆ ಮೇಲ್ ಹಾಕುವಾಗ ಕನ್ನಡ ಬೇಡ, ಇಂಗ್ಲಿಷಿನಲ್ಲಿ ಒಂದೇ ಪುಟ ಸಾಕು. ಬ್ಯಾಂಕಿನಲ್ಲಿ ನೋಂದಾಯಿಸಿದ ಇಮೇಲಿನಿಂದಲೇ ಕಳಿಸಿ, ವಿಷಯದ ಸಾಲಿನಲ್ಲೇ ಅಕ್ನಾಲೆಜ್ಮೆಂಟ್ ನಂಬರ್ ಇರಲಿ. ಬ್ರಾಂಚಿಗೂ ಆ ರಾಜ್ಯದ ಸೈಬರ್ ಗ್ರೀವನ್ಸ್ (ಕುಂದುಕೊರತೆ) ಅಧಿಕಾರಿಗೂ ಪ್ರತಿ ಹೋಗಲಿ. ರಾಜ್ಯವಾರು ಪಟ್ಟಿ ಸೈಬರ್ ಕ್ರೈಮ್ ಪೋರ್ಟಲಿನಲ್ಲೇ ಇದೆ. "ನಾನು ನಿರಪರಾಧಿ, ಮರ್ಯಾದಸ್ಥ ಮನೆತನ" ಅಂತ ಮೂರು ಪುಟ ಬರೆಯುವವರಿದ್ದಾರೆ, ಅದನ್ನು ಯಾರೂ ಓದುವುದಿಲ್ಲ. ಅವರಿಗೆ ಬೇಕಾದದ್ದು ಸರಪಳಿಯ ಮುಂದಿನ ಕೊಂಡಿ. ನೀವು ₹40,500 ಕಳಿಸಿದ ಯುಪಿಐ ಐಡಿ, ಆ ಯುಟಿಆರ್, ಸಮಯ, ಬುಕಿಂಗ್‌ಗೆ ಬಂದ ಫೋನ್ ನಂಬರ್, ಇವನ್ನು ಮೊದಲ ನಾಲ್ಕು ಸಾಲಿನಲ್ಲೇ ಕೊಡಿ. ಅದರ ಕೆಳಗೆ ನಿಮ್ಮ ವ್ಯವಹಾರದ ದಾಖಲೆ: ಹೋಂಸ್ಟೇ ನೋಂದಣಿ, ಪಂಚಾಯಿತಿ ಲೈಸೆನ್ಸ್, ಆ ವಾರದ ರಿಜಿಸ್ಟರ್ ಪುಟ. ಸ್ಟೇಟ್‌ಮೆಂಟಿನಲ್ಲಿ ಬಂದ ಸಾಲು, ಹೋದ ಸಾಲು ಎರಡಕ್ಕೂ ಪೆನ್ನಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ಒಂದು, ಎರಡು ಅಂತ ಬರೆದು ಸ್ಕ್ಯಾನ್ ಮಾಡಿ. ಕೊನೆಗೆ ಬೇಡಿಕೆ ಒಂದೇ ಇರಲಿ: ತಡೆಯನ್ನು ವಿವಾದದ ₹45,000ಕ್ಕೆ ಇಳಿಸಿ, ಉಳಿದ ಖಾತೆ ಬಿಡಿ. ಪೂರ್ತಿ ಬಿಡಿ ಅಂತ ಮೊದಲ ಪತ್ರದಲ್ಲೇ ಕೇಳಿದರೆ ಕಡತ ಮೂಲೆಗೆ ಹೋಗುತ್ತದೆ. ಇಷ್ಟಕ್ಕೆ ಇಳಿಸಿ ಅಂದರೆ ಅವರಿಗೂ ಒಪ್ಪುವುದು ಸುಲಭ, ದೂರುದಾರರ ಹಣಕ್ಕೆ ಧಕ್ಕೆ ಇಲ್ಲವಲ್ಲ.

ವಾಟ್ಸಾಪ್ ಮಾತುಕತೆಯ ಸ್ಕ್ರೀನ್‌ಶಾಟ್ ಮಾತ್ರ ಇಟ್ಟುಕೊಂಡು ಚಾಟ್ ಅಳಿಸಬೇಡಿ. ಎಕ್ಸ್‌ಪೋರ್ಟ್ ಮಾಡಿ ಮೇಲಿಗೆ ಹಾಕಿಕೊಳ್ಳಿ, ಫೋನನ್ನೂ ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಮುಂದೆ ಕೋರ್ಟಿಗೆ ಹೋದರೆ ಈ ಚಾಟನ್ನು ಸಾಕ್ಷ್ಯವಾಗಿ ಕೊಡಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಮಾಣಪತ್ರ ಬೇಕು. ಅದರಲ್ಲಿ ಎ ಭಾಗ ನೀವು ತುಂಬುವುದು, ಬಿ ಭಾಗ ತಜ್ಞರು ತುಂಬುವುದು, ಕಡತದ ಡಿಜಿಟಲ್ ಬೆರಳಚ್ಚಿನಂಥ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಮೂಲ ಫೋನೇ ಇಲ್ಲದಿದ್ದರೆ ಈ ಕಾಗದಕ್ಕೆ ಆಧಾರವೇ ಇರುವುದಿಲ್ಲ.

ಹೆಚ್ಚಿನವರು ಬಿಟ್ಟುಬಿಡುವ ಕೆಲಸ ಇನ್ನೊಂದಿದೆ. ನೀವೂ ದೂರು ಕೊಡಬೇಕು. ₹40,500 ಕಳೆದುಕೊಂಡವರು ನೀವು. 1930ಕ್ಕೆ ಹೇಳಿ, ಮಡಿಕೇರಿಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ಹೋಗಿ ಲಿಖಿತ ದೂರು ಕೊಡಿ, ಹಿಂಬರಹ ಪಡೆಯಿರಿ. "ಕೃತ್ಯ ನಡೆದದ್ದು ಬೇರೆ ಕಡೆ" ಎಂಬ ಮಾತು ಬಂದರೆ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ತೋರಿಸಿ: ಎಲ್ಲಿ ನಡೆದಿದ್ದರೂ ಮಾಹಿತಿ ದಾಖಲಿಸಿಕೊಳ್ಳಬೇಕು. ಆಗಲೂ ಆಗದಿದ್ದರೆ ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಿ. ಈ ದೂರಿನ ಪ್ರತಿಯನ್ನು ಆ ರಾಜ್ಯದ ತನಿಖಾಧಿಕಾರಿಗೆ ಕಳಿಸಿದರೆ, ಹಣ ದಾಟಿಸಿದವನ ಜಾಗದಿಂದ ಮೋಸಹೋದವನ ಜಾಗಕ್ಕೆ ನೀವು ಬರುವಿರಿ. ತಡವಾಯಿತು ಅಂತ ಬಿಡಬೇಡಿ, ತಡವಾಗಿ ಕೊಟ್ಟದ್ದೂ ಕೊಡದ್ದಕ್ಕಿಂತ ಮೇಲು.

ಇಷ್ಟರಲ್ಲಿ ಫೋನ್ ಬರಬಹುದು. "ನಾನೇ ಐಒ (ತನಿಖಾಧಿಕಾರಿ), ₹10,000 ಹಾಕಿ, ಸಂಜೆಯೊಳಗೆ ಬಿಡಿಸುತ್ತೇನೆ." ಒಂದು ಪೈಸೆ ಹಾಕಬೇಡಿ. ಆ ರಾಜ್ಯದ ಪೊಲೀಸ್ ವೆಬ್‌ಸೈಟಿನಲ್ಲಿರುವ ಠಾಣೆಯ ನಂಬರಿಗೆ ನೀವೇ ಮಾಡಿ ವಿಚಾರಿಸಿ. ನಿಜವಾದ ಅಧಿಕಾರಿಯೇ ದೂರುದಾರರಿಗೆ ನೇರ ಹಣ ಹಾಕಿ ರಾಜಿಯಾಗಿ ಅಂದರೂ ಯುಪಿಐ ಮಾಡಬೇಡಿ. ತಡೆದಿಟ್ಟ ಮೊತ್ತದಿಂದ ಅಧಿಕೃತ ಆದೇಶದ ಮೇಲೆ ಬ್ಯಾಂಕೇ ಕೊಡಲಿ. ಇನ್ನೊಮ್ಮೆ "ಪೇ" ಒತ್ತಿ ಮೂರನೇ ಸಲ ಕಳೆದುಕೊಳ್ಳುವುದು ಬೇಡ. ಹಾಜರಾಗಿ ಎಂಬ, ಅದೇ ಸುರಕ್ಷಾ ಸಂಹಿತೆಯ 35(3)ರ ನೋಟಿಸನ್ನು ವಾಟ್ಸಾಪಿನಲ್ಲಿ ಕಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ಹಾಗೆಂದು ಬಂದದ್ದನ್ನು ಕಡೆಗಣಿಸಬೇಡಿ, ಠಾಣೆಯ ಅಧಿಕೃತ ಮೇಲಿಗೆ ಉತ್ತರ ಹಾಕಿ, ಸರಿಯಾದ ಕ್ರಮದಲ್ಲಿ ಕಳಿಸಿ ಅನ್ನಿ. ಸಾಕ್ಷಿಯಾಗಿ ಕರೆಯುವ 179ರ ನೋಟಿಸು ತಮ್ಮ ಠಾಣೆ ಅಥವಾ ಪಕ್ಕದ ಠಾಣೆ ವ್ಯಾಪ್ತಿಯಲ್ಲಿರುವವರಿಗೆ ಮಾತ್ರ. ಖಾತೆ ನಿಮ್ಮ ತಾಯಿಯ ಹೆಸರಿನಲ್ಲಿದ್ದರೆ, ಸಾಕ್ಷಿಯಾಗಿ ಹೆಂಗಸರನ್ನು ಮನೆಯಿಂದ ಬೇರೆಡೆಗೆ ಕರೆಸುವಂತೆಯೂ ಇಲ್ಲ.

ಕೋರ್ಟಿನ ವಿಚಾರ. ತಡೆ ತೆರವಿಗೆ ಮ್ಯಾಜಿಸ್ಟ್ರೇಟರ ಮುಂದೆ ಅದೇ ಸಂಹಿತೆಯ 503ನೇ ಕಲಂ ಅರ್ಜಿ ಹಾಕಬಹುದು, ಆದರೆ ಆ ಮ್ಯಾಜಿಸ್ಟ್ರೇಟ್ ಇರುವುದು ತನಿಖೆ ನಡೆಯುವ ಊರಲ್ಲಿ. ಸೋಮವಾರಪೇಟೆಯಿಂದ ಎರಡು ದಿನ ಪ್ರಯಾಣ ಮಾಡಿ ಹೋಗಿ ಅಲ್ಲಿ ವಕೀಲರನ್ನು ಹುಡುಕುವ ಖರ್ಚು ₹45,000 ದಾಟುತ್ತದೆ. ಅದರ ಬದಲು ಬೆಂಗಳೂರಿನ ಹೈಕೋರ್ಟಿನಲ್ಲಿ ಸಂವಿಧಾನದ 226ನೇ ವಿಧಿಯ ರಿಟ್ ಅರ್ಜಿ ಮೇಲು. ಖಾತೆ ಇಲ್ಲಿದೆ, ತಡೆ ಬಿದ್ದದ್ದೂ ಇಲ್ಲಿಯ ಬ್ರಾಂಚಿನಲ್ಲಿ, ಆದ್ದರಿಂದ ವ್ಯಾಜ್ಯಕಾರಣದ ಒಂದು ಭಾಗ ಇಲ್ಲೇ ಹುಟ್ಟಿದೆ ಎಂಬ ವಾದ 226(2)ರಲ್ಲಿ ನಿಲ್ಲುತ್ತದೆ. ಕೇಳುವುದು ಅದೇ ಒಂದು: ತಡೆ ಮೊತ್ತಕ್ಕೆ ಸೀಮಿತವಾಗಲಿ. ಸೀಲ್ ಹಾಕಿಸಿದ ಪತ್ರ, ಉತ್ತರ ಬಾರದ ಮೇಲುಗಳು, ನಿಮ್ಮ ದೂರಿನ ಹಿಂಬರಹ ಇಲ್ಲದೆ ರಿಟ್‌ಗೆ ಹೋದರೆ "ಮೊದಲು ಅಧಿಕಾರಿಗೆ ಮನವಿ ಕೊಡಿ" ಎಂದು ಹಿಂದಕ್ಕೆ ಕಳಿಸುವ ಸಾಧ್ಯತೆಯೇ ಹೆಚ್ಚು.

ಅಷ್ಟರವರೆಗೆ ತೋಟ ನಡೆಯಬೇಕಲ್ಲ. ಡೆಬಿಟ್ ಫ್ರೀಜ್ ಆದ ಖಾತೆಗೆ ಕಾಫಿ ಚೆರ್ರಿ ಮಾರಿದ ಹಣ ಬಿದ್ದರೆ ಅದೂ ಒಳಗೇ ಉಳಿಯುತ್ತದೆ, ಹಾಗಾಗಿ ಕಾಫಿ, ಮೆಣಸು ಕೊಳ್ಳುವವರಿಗೆ ಇಂದೇ ಬೇರೆ ಖಾತೆ ನಂಬರ್ ಕೊಡಿ. ಅದು ನಿಮ್ಮದೇ ಹೆಸರಿನ ಸಹಕಾರ ಸಂಘದ ಅಥವಾ ಡಿಸಿಸಿ ಬ್ಯಾಂಕಿನ ಖಾತೆಯಾಗಿರಲಿ. ತೋಟದ ರೈಟರ್ ಹೆಸರಿಗೋ ಭಾವಮೈದುನನ ಹೆಸರಿಗೋ ಹಾಕಿಸಿದರೆ ಹಣ ಬಚ್ಚಿಟ್ಟಂತೆ ಕಾಣುತ್ತದೆ. ವಾರದ ಬಟವಾಡೆ, ಹೋಂಸ್ಟೇ ಅಡ್ವಾನ್ಸ್ ಎರಡೂ ಒಂದೇ ಖಾತೆಯಲ್ಲಿ ಇನ್ನು ಬೇಡ. ಅಡ್ವಾನ್ಸಿಗೆ ಕರೆಂಟ್ ಖಾತೆಯ ಮರ್ಚೆಂಟ್ ಕ್ಯೂಆರ್ ಇಟ್ಟರೆ ರಿಫಂಡ್ ಬಂದ ಖಾತೆಗೇ ಹೋಗುವ ವ್ಯವಸ್ಥೆ ಅದರಲ್ಲೇ ಇರುತ್ತದೆ. ಗೊಬ್ಬರದ ಅಂಗಡಿಗೆ ಕೊಟ್ಟ ಮುಂದಿನ ತಾರೀಕಿನ ಚೆಕ್ ಇದ್ದರೆ ಇಂದೇ ಅಂಗಡಿಯವರಿಗೆ ಫೋನ್ ಮಾಡಿ ಅದನ್ನು ಬ್ಯಾಂಕಿಗೆ ಹಾಕದಂತೆ ತಡೆಯಿರಿ, ಹೇಳಿದ್ದನ್ನು ಮೆಸೇಜಿನಲ್ಲೂ ಹಾಕಿ. ಚೆಕ್ ಬೌನ್ಸ್ ನೋಟಿಸು ಬಂದರೆ ಕೈ ಸೇರಿದ 15 ದಿನದೊಳಗೆ ಬೇರೆ ಖಾತೆಯಿಂದ ಕಟ್ಟಬೇಕು.

ತೆರವಾದ ಮೇಲೂ ಒಂದು ಸಿಕ್ಕು ಉಳಿಯುತ್ತದೆ. ತನಿಖಾಧಿಕಾರಿ ನಿಮ್ಮ ಕೈಗೆ ಕೊಟ್ಟ ಪತ್ರ ನೋಡಿ ಬ್ರಾಂಚಿನವರು ತಡೆ ತೆಗೆಯುವುದು ಅಪರೂಪ. ಅಧಿಕೃತ ಮೇಲಿನಿಂದ ಬ್ಯಾಂಕಿನ ನೋಡಲ್ ಅಧಿಕಾರಿಗೇ ಸೂಚನೆ ಹೋಗಬೇಕು, ಅದರಲ್ಲಿ ಖಾತೆ ನಂಬರ್, ಅಕ್ನಾಲೆಜ್ಮೆಂಟ್ ನಂಬರ್ ಎರಡೂ ಇರಬೇಕು. ಮೇಲ್ ಹೋದ ಮೇಲೆ ಬ್ರಾಂಚಿನಲ್ಲಿ ಕೇಳಿ: ಇದೇ ಖಾತೆಯ ಮೇಲೆ ಇನ್ನೊಂದು ದೂರಿನ ಲೀನ್ ಇದೆಯೇ ಅಂತ. ಆ ₹45,000 ಇಬ್ಬರಿಂದ ಕಿತ್ತ ದುಡ್ಡಾಗಿದ್ದರೆ ಎರಡು ನಂಬರ್ ಇರುತ್ತವೆ, ಒಂದು ತೆಗೆದರೂ ಖಾತೆ ತೆರೆಯುವುದಿಲ್ಲ.